ಕಡಲಿಗಿಳಿಸಿದ ಟೀಚರು

ನಮ್ಮ ಹೈಸ್ಕೂಲಿಗೆ ವರ್ಗವಾಗಿ ಬಂದ ವಾರದಲ್ಲೇ ಅವರು ಸ್ಟಾಫ್ ರೂಮಿನಲ್ಲಿ ನನ್ನ ಮೇಜಿನ ಎದುರು ನಿಂತು, "ಲೈಟ್‌ಹೌಸ್ ಎಲ್ಲೈತ್ರಿ? ತೋರಿಸ್ತೀರೇನು?" ಎಂದು ಕೇಳಿದ್ದರು. ಶಾಲೆಯ ಕಿಟಕಿಯಿಂದಲೇ ಅದು ಕಾಣುತ್ತಿತ್ತು. ನಾನು ಕೈ ಮಾಡಿ ತೋರಿಸಿದೆ. "ಹಂಗಲ್ರಿ, ಹತ್ತಿ ತೋರಿಸ್ಬೇಕು" ಎಂದರು.

ಅವರು ದೈಹಿಕ ಶಿಕ್ಷಣದ ಟೀಚರು, ದಾವಣಗೆರೆ ಕಡೆಯ ಒಂದು ಹಳ್ಳಿಯವರು. ನಾನು ಅದೇ ಶಾಲೆಯಲ್ಲಿ ಕನ್ನಡ ಹೇಳಿಕೊಡುವವಳು, ಊರಿನವಳೇ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಪತ್ರಿಕೆಯವರು ಹುಡುಕಿಕೊಂಡು ಬಂದರೆ ಹಿಂಬಾಗಿಲಿನಿಂದ ಗ್ರೌಂಡಿಗೆ ಹೋಗಿಬಿಡುತ್ತಿದ್ದ ಹೆಂಗಸು ಅವರು. ಸತ್ತ ಮೇಲೂ ಅವರ ಆ ಇಷ್ಟವನ್ನು ಉಳಿಸಬೇಕು. ಊರಲ್ಲಿ ಅವರನ್ನು ಎಲ್ಲರೂ ಟೀಚರು ಎಂದೇ ಕರೆಯುತ್ತಿದ್ದರು. ಟೀಚರು ಎಂದು ಕರೆಸಿಕೊಳ್ಳಬಹುದಾದವರು ನಾವು ಇನ್ನೂ ಹಲವರಿದ್ದೆವು, ಆದರೆ ಬರಿಯ ಟೀಚರು ಎಂದರೆ ಅವರೊಬ್ಬರೇ.

ತ್ರಾಸಿ ದಾಟಿ ಬೈಂದೂರಿನ ಕಡೆ ಹೋಗುವಾಗ ಹೆದ್ದಾರಿಯಿಂದ ಪಡುವಣಕ್ಕೆ ಒಡೆಯುವ ಸಣ್ಣ ರಸ್ತೆಯೊಂದರ ತುದಿಯಲ್ಲಿ ನಮ್ಮೂರಿದೆ. ಊರು ಮುಗಿದ ಮೇಲೂ ನೆಲ ಮುಗಿಯುವುದಿಲ್ಲ. ಒಂದು ಗುಡ್ಡ ಮೂಗಿನ ಹಾಗೆ ಕಡಲೊಳಗೆ ಚಾಚಿಕೊಂಡಿದೆ. ಅದರ ನೆತ್ತಿಯಲ್ಲಿ ಬ್ರಿಟಿಷರ ಕಾಲದ ದೀಪಸ್ತಂಭ. ಗುಡ್ಡದ ಬಡಗು ಮಗ್ಗುಲಿನ ಮರಳ ದಂಡೆಗೆ ನಾವು ಬಡಗಿನ ಕಡಲು ಎನ್ನುತ್ತೇವೆ, ತೆಂಕು ಮಗ್ಗುಲಿನದಕ್ಕೆ ತೆಂಕಿನ ಕಡಲು. ಎರಡರ ನಡುವೆ ಕಪ್ಪು ಬಂಡೆಗಳು. ಕೊಲ್ಲೂರಿಗೆ ಬಂದವರು ದೇವರ ದರ್ಶನ ಮುಗಿಸಿ, ಮರವಂತೆ ನೋಡಿ, ಹೊತ್ತು ಉಳಿದರೆ ನಮ್ಮ ಗುಡ್ಡೆಗೂ ಬರುತ್ತಾರೆ. ಫೋಟೋ ತೆಗೆದುಕೊಳ್ಳುತ್ತಾರೆ, ಎಳನೀರು ಕುಡಿಯುತ್ತಾರೆ, ಹೋಗುತ್ತಾರೆ.

ಆ ಭಾನುವಾರ ಸಂಜೆ ನಾವಿಬ್ಬರೂ ಟಿಕೇಟು ತೆಗೆದುಕೊಂಡು ಹತ್ತಿದೆವು. ಒಳಗೆ ಸುತ್ತು ಮೆಟ್ಟಿಲು, ಕೊನೆಗೊಂದು ಕಬ್ಬಿಣದ ಏಣಿ. ನಾನು ಏದುಸಿರು ಬಿಡುತ್ತಿದ್ದೆ. ನನಗಿಂತ ದೊಡ್ಡವರಾದ ಅವರು ಮೇಲೆ ನಿಂತು ಕೈ ಕೊಟ್ಟು ಎಳೆದುಕೊಂಡರು. ನಮ್ಮೂರಿಗೆ ಬರುವತನಕ ಅವರು ಕಡಲು ಕಂಡವರಲ್ಲ. ಮೂಡು ದಿಕ್ಕಿನಲ್ಲಿ ಕೊಲ್ಲೂರಿನ ಕಾಡು, ತೆಂಕಿನಲ್ಲಿ ಹೆದ್ದಾರಿ ಒಂದು ದಾರದ ಹಾಗೆ ಹೊಳೆಗೂ ಕಡಲಿಗೂ ನಡುವೆ ಹಾದುಹೋಗುವುದು, ಪಡುವಣದಲ್ಲಿ ಕಣ್ಣು ಸೋಲುವಷ್ಟು ನೀರು. ನಾನು ಊರಿನವಳ ಹೆಮ್ಮೆಯಿಂದ ಅವರ ಮುಖವನ್ನೇ ನೋಡುತ್ತಿದ್ದೆ. ಏನಾದರೂ ಹೇಳುತ್ತಾರೆ ಎಂದು ಕಾದೆ. ಅವರು ಬಹಳ ಹೊತ್ತು ನೋಡಿ, "ನಿಮ್ಮೂರಲ್ಲಿ ಎಷ್ಟು ಜನ ಹೆಂಗಸರಿಗೆ ಈಜು ಬರ್ತೈತ್ರಿ?" ಎಂದರು.

"ಹೆಂಗಸ್ರಿಗಾ?" ಎಂದೆ ನಾನು. "ಹೆಂಗಸ್ರ್ ಎಂತಕ್ಕೆ ಈಜೂದ್?"

"ಅಂದ್ರೆ ಯಾರಿಗೂ ಬರಲ್ಲ."

ಯೋಚಿಸಿದೆ. ನನ್ನ ಅಮ್ಮನಿಗೆ ಬರುತ್ತಿರಲಿಲ್ಲ. ಅತ್ತೆಗೆ ಬರುತ್ತಿರಲಿಲ್ಲ. ದೋಣಿಗೆ ಹೋಗುವವರ ಮನೆಯ ಹೆಂಗಸರು ಮೀನು ಹೊತ್ತು ಮಾರುತ್ತಾರೆ, ಬಲೆ ಹೊಲಿಯುತ್ತಾರೆ, ಒಣಮೀನು ಕಾಯುತ್ತಾರೆ; ನೀರಿಗಿಳಿದರೆ ಮೊಣಕಾಲಿನವರೆಗೆ. "ಇಲ್ಲ" ಎಂದೆ.

"ಇಷ್ಟು ನೀರು ಇಟ್ಕೊಂಡು" ಎಂದರು ಟೀಚರು. ಇಳಿಯುವಾಗ ತಮ್ಮ ಊರಿನ ಬಾವಿಯ ವಿಷಯ ಹೇಳಿದರು. ಅಪ್ಪ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ನೀರಿಗೆ ತಳ್ಳುತ್ತಿದ್ದರಂತೆ. ಬೇಸಿಗೆ ರಜೆಯೆಲ್ಲ ಭದ್ರಾ ನಾಲೆಯಲ್ಲೇ ಕಳೆಯುತ್ತಿತ್ತಂತೆ, ಹುಡುಗ ಹುಡುಗಿ ಎಂಬ ಭೇದವಿಲ್ಲದೆ.

ಅವರ ನಡಿಗೆ ಬಿರುಸು. ಕೊರಳಲ್ಲಿ ಸದಾ ಒಂದು ಸೀಟಿ. ನನ್ನ ತಂಗಿಯ ಮದುವೆಗೆ ರೇಷ್ಮೆ ಸೀರೆ ಉಟ್ಟು ಬಂದಾಗಲೂ ಅದು ಕೊರಳಲ್ಲಿತ್ತು. ಯಾರೋ ಎಚ್ಚರಿಸಿದ ಮೇಲೆ ನಗುತ್ತ ಬಿಚ್ಚಿ ಚೀಲಕ್ಕೆ ಹಾಕಿಕೊಂಡರು. ಅವರಿಗೆ ಮದುವೆಯಾಗಿರಲಿಲ್ಲ. ನಮ್ಮೂರಿನ ಹೆಂಗಸರು ಇದನ್ನು ಕೇಳದೆ ಬಿಡುವವರಲ್ಲ. "ವಾಲಿಬಾಲ್ ಆಡ್ತಾ ಆಡ್ತಾ ಮರ್ತೇ ಹೋತು ನೋಡ್ರಿ" ಎನ್ನುತ್ತಿದ್ದರು, ಪೇಟೆಗೆ ಹೋದವರು ಬೆಲ್ಲ ತರಲು ಮರೆತಷ್ಟು ಸಲೀಸಾಗಿ.

ನಮ್ಮ ಕುಂದಾಪ್ರ ಕನ್ನಡ ಅವರಿಗೆ ಮೊದಮೊದಲು ಅರ್ಥವಾಗುತ್ತಿರಲಿಲ್ಲ. ಹುಡುಗಿಯೊಬ್ಬಳು ಬಂದು, "ಟೀಚರ್, ನಾನ್ ಮನಿಗ್ ಹೋಪ್ದಾ?" ಎಂದು ಕೇಳಿದರೆ ನನ್ನ ಕಡೆ ನೋಡುತ್ತಿದ್ದರು. ಆದರೆ ಹೋಗೋಣ, ಬರೋಣ ಎನ್ನಲು ನಾವಾಡುವ ಹೋಪ, ಬಪ್ಪ ಎಂಬ ಎರಡು ಮಾತು ಮಾತ್ರ ಅವರಿಗೆ ಬಹಳ ಹಿಡಿಸಿದವು. ಅದಕ್ಕೆ ತಮ್ಮ ಊರಿನ ಬಾಲ ಸೇರಿಸಿಕೊಂಡರು. ಗಂಟೆ ಬಾರಿಸಿದ ಕೂಡಲೇ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಹೋಪನ್ರೀ?" ಎನ್ನುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು. ಕೆಲವು ತಿಂಗಳಲ್ಲಿ ನಾವೂ ಹಾಗೆಯೇ ಹೇಳುತ್ತಿದ್ದೆವು.

ಅವರು ಬಂದ ವರ್ಷದ ಮಳೆಗಾಲ ಮುಗಿದು ಕಡಲು ಇಳಿಯುತ್ತಿದ್ದ ದಿನಗಳು. ತೆಂಕಿನ ಕಡಲಿನ ಬಂಡೆಗಳ ಬುಡದಲ್ಲಿ ಚಿಪ್ಪುಮೀನು ಕೀಳಲು ನಾಲ್ಕಾರು ಹೆಂಗಸರು ಹೋಗಿದ್ದರು. ಅವರಲ್ಲೊಬ್ಬಳು ಕಾಲು ಜಾರಿ ಬಿದ್ದಳು. ನೀರು ಎದೆಮಟ್ಟವೂ ಇರಲಿಲ್ಲ. ಅವಳು ಗಾಬರಿಯಲ್ಲಿ ಎದ್ದಳು, ಬಿದ್ದಳು, ನೀರು ಕುಡಿದಳು. ಹಿಂದೆ ಸರಿದ ಅಲೆ ಅವಳನ್ನು ಬಂಡೆಯ ಆಚೆಗೆ ಎಳೆದುಕೊಂಡಿತು. ಉಳಿದವರು ದಡದಲ್ಲಿ ನಿಂತು ಕೂಗಿದರು. ಗಂಡಸರು ಓಡಿಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅವಳು ಮೀನು ಮಾರುವ ಗುಲಾಬಕ್ಕನ ನಾದಿನಿ. ಗುಲಾಬಕ್ಕ ಆಗ ದಡದಲ್ಲಿ ನಿಂತು ಕೂಗಿದವರಲ್ಲಿ ಒಬ್ಬಳು.

ಮರುದಿನ ಟೀಚರು ನನ್ನ ಜೊತೆ ಆ ಮನೆಗೆ ಬಂದರು. ಗೋಡೆಗೊರಗಿ ಕೂತಿದ್ದ ಗುಲಾಬಕ್ಕ ಒಂದೇ ಮಾತನ್ನು ಹೇಳುತ್ತಿದ್ದಳು: "ಕಣ್ಣೆದ್ರಿಗೇ ಇದ್ದಿತ್ ಅಮ್ಮಾ. ಕೈ ಚಾಚಿರೆ ಸಿಕ್ಕುವಷ್ಟ್ ದೂರ. ನಂಗೆ ಹೋಪುಕಾಯ್ಲಿಲ್ಲೆ."

ಟೀಚರು ಅವಳ ಪಕ್ಕ ನೆಲದ ಮೇಲೆ ಕೂತು ಕೈ ಹಿಡಿದುಕೊಂಡಿದ್ದರು. ಹೊರಗೆ ಬಂದು ರಸ್ತೆ ಮುಟ್ಟಿದೆವು. ಆಮೇಲೆ, "ನಾನು ಕಲಿಸ್ತೀನ್ರಿ" ಎಂದರು.

ಶಾಲೆಯ ಹುಡುಗಿಯರಿಗೆ ಬಡಗಿನ ಕಡಲಿನಲ್ಲಿ ಈಜು ಕಲಿಸಲು ಅನುಮತಿ ಬೇಕು ಎಂದು ಅವರು ಶಾಲಾ ಸಮಿತಿಯ ಮುಂದೆ ಹೋದರು. ಸಮಿತಿಯ ಅಧ್ಯಕ್ಷರು ದೋಣಿ ಇದ್ದವರು, ಮಾತು ಒರಟಾದರೂ ಮನಸ್ಸು ಒಳ್ಳೆಯದು. ಅವರು ತಲೆ ಅಲ್ಲಾಡಿಸಿದರು. "ಟೀಚರೇ, ನೀವ್ ಹೇಳೂದ್ ಸಮ ಇತ್ತ್. ಆರೆ ನಾಳಿಗೆ ಒಂದ್ ಹೆಣ್ಣಿಗೆ ಎಂತಾರೂ ಆಯ್ತ್ ಅಂದ್ರೆ ಅಬ್ಬೆ ಅಪ್ಪಯ್ಯಂಗೆ ಉತ್ರ ಕೊಡೂದ್ ಯಾರ್? ನೀವ್ ಹೊರ್ಗಿನವ್ರ್. ಊರವ್ರ್ ನಿಮ್ಮನ್ನ ಸುಮ್ನೆ ಬಿಡ್ತ್ರಾ?"

ಹೆಡ್‌ಮಾಸ್ಟರು ಕೂಡ ಮೆಲ್ಲಗೆ, ದೂರು ಹೋದರೆ ನೌಕರಿಗೆ ತೊಂದರೆ ಎಂದರು. ಟೀಚರು ಅಧ್ಯಕ್ಷರ ಕಡೆ ತಿರುಗಿದರು.

"ಆತು, ಶಾಲೆ ಹೆಸರು ಎತ್ತಲ್ಲ ಬಿಡ್ರಿ. ಭಾನುವಾರ ನಂದು. ಕಡಲು ಯಾರದು?"

"ಕಡ್ಲ್ ಯಾರ್ದೂ ಅಲ್ಲ" ಎಂದರು ಅಧ್ಯಕ್ಷರು.

"ಹಂಗಾದ್ರೆ ಮುಗೀತಲ್ಲ. ಮಕ್ಕಳನ್ನ ಕರೆಯಲ್ಲ. ಅವರ ತಾಯಂದಿರನ್ನ ಕರೀತೀನಿ."

ಆ ಭಾನುವಾರ ಬೆಳಿಗ್ಗೆ ಬಡಗಿನ ಕಡಲಿನಲ್ಲಿ ಇದ್ದವರು ಟೀಚರು ಮತ್ತು ನಾನು ಇಬ್ಬರೇ. ನಾನು ಬಂದದ್ದು ಈಜಲಿಕ್ಕಲ್ಲ, ಅವರು ಒಬ್ಬರೇ ಆಗಬಾರದು ಎಂದು. ಅವರು ಚೂಡಿದಾರದ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಧೈರ್ಯವಾಗಿ ನೀರಿಗಿಳಿದರು. ಮೊದಲ ದೊಡ್ಡ ಅಲೆಯೇ ಅವರನ್ನು ಬಟ್ಟೆ ಒಗೆದ ಹಾಗೆ ತಿರುಗಿಸಿ ಮರಳಿಗೆ ಎಸೆಯಿತು. ಬಾಯಿ ತುಂಬ ಮರಳು. ಎದ್ದು ಕೂತು, ಕೆಮ್ಮಿ, "ಇದು ನಮ್ಮ ನಾಲೆ ಅಲ್ರಿ" ಎಂದರು. ನನಗೆ ನಗು ತಡೆಯಲಾಗಲಿಲ್ಲ. ದೂರದಲ್ಲಿ ಬಲೆ ಬಿಡಿಸುತ್ತಿದ್ದ ಮುದುಕರೊಬ್ಬರು ಎದ್ದು ಬಂದು, ಅಲೆ ಬಂದಾಗ ಎದುರು ನಿಲ್ಲಬಾರದು, ಅದರ ಅಡಿಗೆ ಮುಳುಗಬೇಕು, ಗುಡ್ಡದ ಬುಡಕ್ಕೆ ಹತ್ತಿರವಿದ್ದರೆ ಅಲೆಯ ಜೋರು ಕಡಿಮೆ ಎಂದು ತೋರಿಸಿಕೊಟ್ಟರು. ಟೀಚರು ಹುಡುಗಿಯ ಹಾಗೆ ತಲೆಯಾಡಿಸುತ್ತ ಕೇಳಿಸಿಕೊಂಡರು. ಕೆಲವು ವಾರ ಅವರೂ ಕಲಿತರು.

ಮೀನಿನ ಬುಟ್ಟಿ ಇಟ್ಟು ದಡದಲ್ಲಿ ನಿಂತು ನೋಡುತ್ತಿದ್ದ ಗುಲಾಬಕ್ಕ ಒಂದು ಭಾನುವಾರ ಬುಟ್ಟಿಯಿಲ್ಲದೆ ಬಂದಳು.

"ಹ್ವಾಯ್ ಟೀಚರೇ, ನಂಗೆ ಕಲ್ಸಿ ಕಾಂಬ. ನಾ ಮುಳ್ಗಿರೆ ಯಾರಿಗೂ ಲುಕ್ಸಾನ್ ಇಲ್ಲೆ."

"ನಂಗೈತಿ" ಎಂದರು ಟೀಚರು. "ಬರ್ರಿ."

ಅವಳಿಗೆ ಆಗ ಐವತ್ತರ ಹತ್ತಿರ ವಯಸ್ಸು. ನೈಟಿಯ ಮೇಲೆ ಗಂಡನ ಹಳೆಯ ಅಂಗಿ ಹಾಕಿಕೊಂಡಿದ್ದಳು. ಟೀಚರು ಹೋಟೆಲಿನವರಿಂದ ಖಾಲಿ ಎಣ್ಣೆ ಕ್ಯಾನುಗಳನ್ನು ತಂದು, ಬಾಯಿ ಬಿಗಿದು, ಹಗ್ಗ ಕಟ್ಟಿ ಇಟ್ಟಿದ್ದರು. ಅದರಲ್ಲೊಂದನ್ನು ಎದೆಗವಚಿಕೊಂಡು ಗುಲಾಬಕ್ಕ ಸೊಂಟದ ನೀರಿನಲ್ಲಿ ನಿಂತಳು. ನಿಂತವಳು ಅಳತೊಡಗಿದಳು. ಟೀಚರು ಅವಳನ್ನು ಸುಮ್ಮನಿರಿಸಲಿಲ್ಲ. ಅತ್ತು ಮುಗಿಯುವವರೆಗೆ ಪಕ್ಕದಲ್ಲಿ ನಿಂತು, ಬರುವ ಅಲೆಗಳಿಗೆ ತಮ್ಮ ಬೆನ್ನು ಕೊಟ್ಟರು. ಆಮೇಲೆ, "ಆತಾ? ಈಗ ಕಾಲು ಬಿಡ್ರಿ" ಎಂದರು.

ಗುಲಾಬಕ್ಕ ಬಂದ ಮೇಲೆ ಉಳಿದವರು ಬಂದರು. ಅವರ ಹಿಂದೆಯೇ ಅವರ ಹೆಣ್ಣುಮಕ್ಕಳು. ನನ್ನ ಗಂಡ ಒಂದು ಬೆಳಿಗ್ಗೆ ಚಹಾ ಕುಡಿಯುತ್ತ, "ಎಲ್ರೂ ಇಳೀತ್ರ್ ಗಡ, ನೀನ್ ಮಾತ್ರ ದಡದಲ್ ಕೂತ್ಕಂಡ್ ಚಪ್ಲಿ ಕಾಯೂದಾ?" ಎಂದರು. ಆ ಮಾತು ಚುಚ್ಚಿತು. ಇಳಿದೆ.

ಟೀಚರು ಕೈಕಾಲು ಬಡಿಯುವುದನ್ನು ಮೊದಲು ಕಲಿಸುತ್ತಿರಲಿಲ್ಲ. ಮೊದಲ ಪಾಠ ಅಂಗಾತ ಮಲಗುವುದು. ಕೈ ಅಗಲಿಸಿ, ಗಲ್ಲ ಮೇಲೆತ್ತಿ, ಆಕಾಶ ನೋಡುತ್ತ ಮಲಗಬೇಕು. ಕಿವಿಯೊಳಗೆ ನೀರು ತುಂಬಿದಾಗ ದಡದ ಮಾತೆಲ್ಲ ಅಳಿಸಿಹೋಗಿ ನನ್ನ ಉಸಿರಿನ ಸದ್ದು ನನಗೇ ಕೇಳಿಸಿತು. ಬೆನ್ನಡಿಯಲ್ಲಿ ಅವರ ಅಂಗೈ ಇತ್ತು; ಎಷ್ಟು ಹೊತ್ತಿಗೆ ಅದು ಹೋಯಿತೋ ಗೊತ್ತಾಗಲಿಲ್ಲ. ಮೇಲೆ ದೀಪಸ್ತಂಭ ತಲೆಕೆಳಗಾಗಿ ಕಾಣುತ್ತಿತ್ತು. ಹುಟ್ಟಿದಂದಿನಿಂದ ಅದನ್ನು ನೋಡಿದ್ದೇನೆ, ಆದರೆ ನೀರಿನಿಂದ ನೋಡಿದ್ದು ಅದೇ ಮೊದಲು. ಎದ್ದು ನಿಂತಾಗ ಅವರು ನನ್ನಿಂದ ಬಹಳ ದೂರದಲ್ಲಿ ಇನ್ನೊಬ್ಬಳಿಗೆ ಕಲಿಸುತ್ತಿದ್ದರು.

ಅವರದ್ದೊಂದು ಕಟ್ಟುನಿಟ್ಟಿನ ನಿಯಮವಿತ್ತು. ಯಾರಾದರೂ ಮುಳುಗುತ್ತಿದ್ದರೆ ಹಾರಬಾರದು. "ಹಾರೋಳು ಎರಡನೇ ಹೆಣ ಆಗ್ತಾಳೆ. ಎಸೀರಿ. ಕ್ಯಾನು ಎಸೀರಿ, ಹಗ್ಗ ಎಸೀರಿ, ಸೀರೆ ಬಿಚ್ಚಿ ಎಸೀರಿ. ಹಾರಬ್ಯಾಡ್ರಿ." ಪ್ರತಿ ಭಾನುವಾರ ನೀರಿಗಿಳಿಯುವ ಮೊದಲು ಇದನ್ನು ನಮ್ಮ ಬಾಯಲ್ಲಿ ಹೇಳಿಸುತ್ತಿದ್ದರು. ಮೊಮ್ಮಕ್ಕಳಿದ್ದ ಹೆಂಗಸರು ಒಂದನೇ ಕ್ಲಾಸಿನವರ ಹಾಗೆ ಒಟ್ಟಾಗಿ ಹೇಳುತ್ತಿದ್ದೆವು.

ಒಂದು ಚಳಿಗಾಲದಲ್ಲಿ ಅವರು ತಮ್ಮನ ಮನೆಯ ಗೃಹಪ್ರವೇಶಕ್ಕೆಂದು ಊರಿಗೆ ಹೋಗಿದ್ದರು. ಟೀಚರಿಲ್ಲವೆಂದು ನಾವು ಆ ಭಾನುವಾರ ನೀರಿಗಿಳಿಯದೆ ಬಡಗಿನ ದಂಡೆಯಲ್ಲಿ ಹರಟುತ್ತ ಕೂತಿದ್ದೆವು. ಆಗ ತೆಂಕಿನ ಕಡೆಯಿಂದ ಕಿರುಚುವುದು ಕೇಳಿಸಿತು. ಗುಲಾಬಕ್ಕ ಕ್ಯಾನು ಹಿಡಿದುಕೊಂಡೇ ಎದ್ದಳು. ಬಂಡೆಗಳ ಮೇಲಿಂದ ನಾವು ಓಡಿದೆವು.

ಕೊಲ್ಲೂರಿಗೆ ಬಂದಿದ್ದ ಕೇರಳದ ಕುಟುಂಬ. ಹೊಸದಾಗಿ ಮದುವೆಯಾದ ಹುಡುಗಿ ಬಂಡೆಯ ಅಂಚಿನಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವಾಗ ಅಲೆ ಬಂದು ಅವಳನ್ನು ಕೆಳಗೆ ಎಳೆದಿತ್ತು. ಎರಡು ಬಂಡೆಗಳ ನಡುವಿನ ಓಣಿಯಂಥ ನೀರಿನಲ್ಲಿ ಅವಳು ಮೇಲೆ ಕೆಳಗೆ ಆಗುತ್ತಿದ್ದಳು. ಗಂಡ ಶೂ ಬಿಚ್ಚಿ ಹಾರಲು ಸಿದ್ಧನಾಗಿದ್ದ. ಗುಲಾಬಕ್ಕ ಅವನ ಅಂಗಿಯ ಕಾಲರಿಗೇ ಕೈ ಹಾಕಿದಳು.

"ಈಜು ಬತ್ತಾ?"

ಅವನಿಗೆ ಮಾತು ತಿಳಿಯಲಿಲ್ಲ. ಆದರೆ ಮುಖ ನೋಡಿದರೆ ಗೊತ್ತಾಗುತ್ತಿತ್ತು, ಬರುತ್ತಿರಲಿಲ್ಲ. "ಹಾರ್ಬ್ಯಾಡಿ ಅಂದ್ರೆ ಹಾರ್ಬ್ಯಾಡಿ" ಎಂದು ಅವನನ್ನು ಹಿಂದಕ್ಕೆ ದೂಡಿ ಕೂರಿಸಿದಳು.

ನಾನು ಕ್ಯಾನಿನ ಹಗ್ಗದ ತುದಿಯನ್ನು ಕೈಗೆ ಸುತ್ತಿಕೊಂಡೆ. ಗುಲಾಬಕ್ಕ ಕ್ಯಾನು ಎಸೆದಳು. ಅದು ಹುಡುಗಿಗೆ ಹತ್ತಿರವೇ ಬಿತ್ತು, ಆದರೆ ಅವಳು ಅದನ್ನು ನೋಡುವ ಸ್ಥಿತಿಯಲ್ಲಿರಲಿಲ್ಲ. ಕೈ ಮೇಲೆತ್ತಿ ಬಡಿಯುತ್ತಿದ್ದಳು, ಬಡಿದಷ್ಟೂ ಮುಳುಗುತ್ತಿದ್ದಳು. "ಅಂಗಾತ ಮಲ್ಗ್ ಮಗಾ" ಎಂದು ನಾವೆಲ್ಲ ಕೂಗಿದೆವು. ಅವಳಿಗೆ ಕನ್ನಡ ಬರುತ್ತಿರಲಿಲ್ಲ. ನಮಗೆ ಮಲಯಾಳ ಬರುತ್ತಿರಲಿಲ್ಲ.

ಆಗ ಗುಲಾಬಕ್ಕ ಒಂದು ಕೆಲಸ ಮಾಡಿದಳು. ಹುಡುಗಿಗೆ ಕಾಣುವಂಥ ಚಪ್ಪಟೆ ಬಂಡೆಯ ಮೇಲೆ ಹೋಗಿ, ಅವಳ ಕಡೆ ಒಮ್ಮೆ ಜೋರಾಗಿ ಕೂಗಿ, ಅಂಗಾತ ಮಲಗಿಬಿಟ್ಟಳು. ಎರಡೂ ಕೈ ಅಗಲಿಸಿ, ಗಲ್ಲ ಮೇಲೆತ್ತಿ, ಆಕಾಶ ನೋಡುತ್ತ. ಎದ್ದು ಅವಳ ಕಡೆ ಕೈ ತೋರಿಸಿದಳು. ಮತ್ತೆ ಮಲಗಿದಳು. ಬೇರೆ ಹೊತ್ತಿನಲ್ಲಾದರೆ ನಗಬಹುದಾಗಿದ್ದ ನೋಟ ಅದು. ಆ ಹುಡುಗಿಯ ಮುಖ ಒಂದು ಕ್ಷಣ ನೀರಿನ ಮೇಲೆ ಬಂದಾಗ ಅವಳ ಕಣ್ಣು ಗುಲಾಬಕ್ಕನ ಮೇಲೆ ನಿಂತದ್ದನ್ನು ನಾನು ಕಂಡೆ. ಅವಳು ಕೈ ಬಡಿಯುವುದನ್ನು ನಿಲ್ಲಿಸಿ ತಲೆಯನ್ನು ಹಿಂದಕ್ಕೆ ಬಿಟ್ಟಳು. ನೀರು ಅವಳನ್ನು ಎತ್ತಿತು. ನಾವು ಮತ್ತೆ ಎಸೆದ ಕ್ಯಾನು ಅವಳ ತೋಳಿಗೆ ತಾಗಿತು, ಹಿಡಿದುಕೊಂಡಳು. ನಾವೆಲ್ಲ ಸೇರಿ ಹಗ್ಗ ಎಳೆದು, ಬಂಡೆ ತಗ್ಗಾಗಿದ್ದ ಕಡೆಯಿಂದ ಅವಳನ್ನು ಮೇಲೆ ತಂದೆವು. ಮೊಣಕೈ, ಮೊಣಕಾಲು ತರಚಿ ರಕ್ತ ಸೋರುತ್ತಿತ್ತು, ಅಷ್ಟೇ. ಅವಳು ಗಂಡನ ಕಡೆ ಹೋಗಲಿಲ್ಲ. ಗುಲಾಬಕ್ಕನ ಕೊರಳು ತಬ್ಬಿಕೊಂಡವಳು ಬಹಳ ಹೊತ್ತು ಬಿಡಲಿಲ್ಲ. ಗುಲಾಬಕ್ಕ ಅವಳ ಬೆನ್ನು ಸವರುತ್ತ, "ಎಂತ ಆಯ್ಲಿಲ್ಲೆ, ಎಂತ ಆಯ್ಲಿಲ್ಲೆ" ಎನ್ನುತ್ತಿದ್ದಳು.

ಸೋಮವಾರ ಟೀಚರು ಬಸ್ಸಿಳಿದು ನೇರ ಶಾಲೆಗೆ ಬಂದರು. ನಾನು ಎಲ್ಲವನ್ನೂ ಹೇಳಿದೆ. ಅವರು ಚೀಲವನ್ನು ಹೆಗಲಿನಿಂದ ಇಳಿಸದೆ ಕೇಳಿದರು. ಮುಗಿದ ಮೇಲೆ ಕೇಳಿದ್ದು ಒಂದೇ.

"ಯಾರು ಹಾರಿದ್ರು?"

"ಯಾರೂ ಹಾರ್ಲಿಲ್ಲ ಟೀಚರೇ."

ತಲೆಯಾಡಿಸಿ ಗ್ರೌಂಡಿಗೆ ಹೋದರು. ಆ ಪೀರಿಯಡ್ಡಿನಲ್ಲಿ ಅವರು ಡ್ರಿಲ್ ಮಾಡಿಸಲಿಲ್ಲವೆಂದೂ, ನಿಮಗೆ ಬೇಕಾದ್ದು ಆಡಿಕೊಳ್ಳಿ ಎಂದು ಹೇಳಿ ಗೇರುಮರದ ಬುಡದಲ್ಲಿ ಬೆನ್ನು ತಿರುಗಿಸಿ ಕೂತಿದ್ದರೆಂದೂ ಮಕ್ಕಳು ಆಮೇಲೆ ಹೇಳಿದರು.

ಅದಾದ ಮೇಲೆ ಸಮಿತಿಯ ಅಧ್ಯಕ್ಷರು ತಾವಾಗಿ ಬಂದು, "ನನ್ ಮೊಮ್ಮಗಳನ್ನೂ ಸೇರ್ಸ್ಕಣಿ" ಎಂದರು. ಟೀಚರು ಹಳೆಯದನ್ನು ಎತ್ತಲಿಲ್ಲ. "ಕಳಿಸ್ರಿ, ಜೊತೆಗೆ ಅವಳ ಅಜ್ಜೀನೂ ಬರ್ಲಿ" ಎಂದರು. ಅಜ್ಜಿಯೂ ಬಂದರು.

ಟೀಚರ ನಿವೃತ್ತಿಯ ದಿನ ಶಾಲೆಯಲ್ಲಿ ಹಾರ, ಶಾಲು, ಭಾಷಣ ಎಲ್ಲ ಆಯಿತು. ಭಾಷಣ ಮಾಡಿದವರು ಅವರ ವಾಲಿಬಾಲ್ ತಂಡ ಗೆದ್ದ ಬಹುಮಾನಗಳನ್ನು ಹೇಳಿದರು. ಕಡಲಿನ ಸಂಗತಿ ಯಾರೂ ಎತ್ತಲಿಲ್ಲ, ಅದು ಶಾಲೆಯದಲ್ಲವಲ್ಲ. ಸಭೆಯ ಹಿಂದಿನ ಸಾಲುಗಳಲ್ಲಿ ಮಾತ್ರ ಯಾರೂ ಕರೆಯದಿದ್ದ ಹೆಂಗಸರು ತುಂಬಿದ್ದರು. ಮೀನು ಮಾರಾಟ ಬಿಟ್ಟು ಬಂದಿದ್ದರು. ಟೀಚರು ಉತ್ತರ ಕೊಡಲು ಎದ್ದು ನಿಂತು ಅವರ ಕಡೆ ನೋಡಿದರು. ಧನ್ಯವಾದ ಎಂದಷ್ಟೇ ಹೇಳಿ ಕೂತರು.

ಆಮೇಲೂ ಅವರು ನಮ್ಮೂರಿನ ಬಾಡಿಗೆ ಮನೆಯಲ್ಲೇ ಇದ್ದರು. ಕಾಯಿಲೆ ಗೊತ್ತಾದಾಗ ತಮ್ಮ ಬಂದು ಕರೆದುಕೊಂಡು ಹೋದರು. ಹೋಗುವಾಗ ಜೀಪಿನ ಕಿಟಕಿಯಿಂದ ತಲೆ ಹೊರಹಾಕಿ, "ಮಳೆಗಾಲದಾಗ ಯಾರೂ ಇಳೀಬ್ಯಾಡ್ರಿ ಮತ್ತೆ" ಎಂದು ಗದರಿದರು. ಫೋನಿನಲ್ಲಿ ಆಗಾಗ ಮಾತಾಡುತ್ತಿದ್ದರು. ಬರಬರುತ್ತ ದನಿ ಸಣ್ಣಗಾಯಿತು. ಹೋದ ವರ್ಷ ಬೇಸಿಗೆಯಲ್ಲಿ ತಮ್ಮನೇ ಫೋನು ಮಾಡಿದರು.

ಗುಲಾಬಕ್ಕ ಮತ್ತು ನಾನು ಬಸ್ಸು ಹತ್ತಿ ಹೋದೆವು. ಗುಲಾಬಕ್ಕ ಘಟ್ಟ ಹತ್ತಿದ್ದು ಜೀವಮಾನದಲ್ಲಿ ಅದೇ ಮೊದಲು. ನಾವು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಮನೆಯವರು ನಮಗೆ ರೊಟ್ಟಿ ಪಲ್ಯ ಬಡಿಸಿದರು, ಸಮಾಧಿಯ ಹತ್ತಿರ ಕರೆದುಕೊಂಡು ಹೋದರು. ಒಣ ಹೊಲದ ಬದುವಿನಲ್ಲಿ ಹಸಿ ಮಣ್ಣು. ಗುಲಾಬಕ್ಕ ಅದನ್ನು ಅಂಗೈಯಿಂದ ಮುಟ್ಟಿ ನೋಡಿ, ಸೆರಗಿನಲ್ಲಿ ಕೈ ಒರಸಿಕೊಳ್ಳದೆ ಹಾಗೆಯೇ ಎದ್ದಳು.

ಸಂಜೆ ತಮ್ಮನೇ ನಮ್ಮನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಬಂದರು. ಕಡಿಮೆ ಮಾತಿನ ಮನುಷ್ಯ. ಬಸ್ಸಿಗೆ ಕಾಯುತ್ತ ನಿಂತಾಗ, ಬಹಳ ದಿನದಿಂದ ಮನಸ್ಸಿನಲ್ಲಿದ್ದುದನ್ನು ಕೇಳುವವರ ಹಾಗೆ ಬಾಯಿ ತೆರೆದರು.

"ನಮ್ಮಕ್ಕಂಗೆ ಎರಡು ಸಲ ಈ ಊರಿನ ಪಕ್ಕಕ್ಕೇ ವರ್ಗ ಸಿಕ್ಕಿತ್ತು. ನಾನೇ ಓಡಾಡಿದ್ದೆ. ಎರಡು ಸಲಾನೂ ಬ್ಯಾಡ ಅಂದ್ಲು. ಅಲ್ಲಿ ಮಳಿ, ಸೆಕಿ, ಒಬ್ಬಳೇ ಇರೋದು. ತನ್ನೋರು ಅಂತ ಒಬ್ಬರಿಲ್ಲ. ಅದೇನು ಕಂಡ್ಲೋ ಅಲ್ಲಿ, ನಮಗೆ ಇವತ್ತಿಗೂ ಗೊತ್ತಾಗ್ಲಿಲ್ಲ."

ಎರಡು ಸಲ ವರ್ಗ ಬಂದದ್ದು ನಮಗೂ ಗೊತ್ತಿರಲಿಲ್ಲ.

"ಅಲ್ ನಾವಿಲ್ಯಾ, ಅಣ್ಣಾ?" ಎಂದಳು ಗುಲಾಬಕ್ಕ.

ಬಸ್ಸು ಬಂತು. ನಮ್ಮ ಚೀಲವನ್ನು ಆ ತಮ್ಮನೇ ಎತ್ತಿಕೊಂಡು ಬಸ್ಸು ಹತ್ತಿ, ಸೀಟು ನೋಡಿ ನಮ್ಮನ್ನು ಕೂರಿಸಿ, ಕಂಡಕ್ಟರಿಗೆ ಹೇಳಿದರು: "ನಮ್ಮ ಅಕ್ಕನ ಮನೆಯೋರು. ಕುಂದಾಪುರದಾಗ ನೋಡಿ ಇಳಿಸಪ್ಪ."